ಮರದ ಗಿಟಾರಿನ ಹೊಟ್ಟೆಯಲ್ಲಿ ಲೋಹದ ತಟ್ಟೆ

ಗಿಟಾರ್ ಎಂದೊಡನೆ ಕಣ್ಣ ಮುಂದೆ ಬರುವುದು ನಡುವೆ ದುಂಡನೆಯ ತೂತಿರುವ ಮರದ ಪೆಟ್ಟಿಗೆ. ಆ ತೂತು ಇರಬೇಕಾದ ಕಡೆ, ಕಾರಿನ ಚಕ್ರದ ಮುಚ್ಚಳದಂಥ ಹೊಳೆಯುವ ಲೋಹದ ಬಿಲ್ಲೆ ಕೂರಿಸಿದ ಗಿಟಾರನ್ನೂ ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಅಲಂಕಾರವಲ್ಲ. ಆ ಮುಚ್ಚಳದ ಕೆಳಗೆ ಅಲ್ಯೂಮಿನಿಯಂನ ತೆಳು ತಟ್ಟೆಯೊಂದಿದೆ. ವಾದ್ಯದ ದನಿ ಹೊರಡುವುದು ಅಲ್ಲಿಂದ. ಇದು ರೆಸೊನೇಟರ್ ಗಿಟಾರ್. ಮರದ್ದಾದರೆ ಬಳಕೆಯ ಹೆಸರು ಡೋಬ್ರೊ.

ದನಿ ಕೊಡುವುದು ಲೋಹವಾದರೆ ಮರಕ್ಕೇನು ಕೆಲಸ? ಇದನ್ನು ಕೈಯಿಂದ ಮಾಡುವ ಕುಶಲಕರ್ಮಿಗಳು ಒಂದೊಂದು ಹಲಗೆಯನ್ನೂ ತಟ್ಟಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡುವುದೇಕೆ? ಇವತ್ತಿನ ಮಾತು ಈ ಪ್ರಶ್ನೆಯ ಸುತ್ತ.

ಕಥೆ ಶುರುವಾಗುವುದು 1920ರ ದಶಕದ ಅಮೆರಿಕದಲ್ಲಿ. ಧ್ವನಿವರ್ಧಕ ಇನ್ನೂ ಎಲ್ಲ ವೇದಿಕೆಗಳನ್ನೂ ಹತ್ತಿರದ ಕಾಲ. ಕಹಳೆ, ಡ್ರಮ್, ಬ್ಯಾಂಜೋಗಳ ಅಬ್ಬರದ ನಡುವೆ ಗಿಟಾರ್ ವಾದಕನ ಬೆರಳಾಟ ಕಾಣುತ್ತಿತ್ತೇ ಹೊರತು ವಾದ್ಯ ಕೇಳುತ್ತಿರಲಿಲ್ಲ. ಅದೇ ಹೊತ್ತಿಗೆ ಹವಾಯಿ ದ್ವೀಪಗಳ ಸಂಗೀತದ ಹುಚ್ಚು ಹಬ್ಬಿತ್ತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಜಾಗತಿಕ ವಸ್ತುಪ್ರದರ್ಶನ ಅದಕ್ಕೆ ದೊಡ್ಡ ಕಾರಣ. ಹವಾಯಿಯವರು ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತ ನುಡಿಸುತ್ತಾರೆ. ನಮ್ಮ ಗೋಟುವಾದ್ಯ ಕೇಳಿದವರಿಗೆ ಆ ಜಾರುನಾದದ ಸೊಗಸನ್ನು ಬಿಡಿಸಿ ಹೇಳಬೇಕಿಲ್ಲ.

ಈ ಬಗೆಯ ವಾದಕರಲ್ಲೊಬ್ಬ ಜಾರ್ಜ್ ಬೋಶಾಂ. ಗಟ್ಟಿಯಾಗಿ ನುಡಿಯುವ ಗಿಟಾರ್ ಬೇಕೆಂದು ಅವನು ಲಾಸ್ ಏಂಜಲಿಸ್‌ನಲ್ಲಿ ಪಿಟೀಲು, ಬ್ಯಾಂಜೋ ಮಾಡುತ್ತಿದ್ದ ಜಾನ್ ಡೋಪ್ಯೇರ ಬಳಿಗೆ ಹೋದ. ಡೋಪ್ಯೇರ ಹುಟ್ಟಿದ್ದು 1893ರಲ್ಲಿ, ಇಂದಿನ ಸ್ಲೊವಾಕಿಯಾದಲ್ಲಿ. 1908ರಲ್ಲಿ ಕುಟುಂಬದೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಬಂದವನು. ಅವನು ಕಂಡುಕೊಂಡ ಉಪಾಯ ಸರಳ: ತಂತಿಯ ಕಂಪನವನ್ನು ಮರದ ಹಲಗೆಗೆ ಕೊಡುವ ಬದಲು, ಕಾಗದದಷ್ಟು ಹಗುರವೆನಿಸುವ ಅಲ್ಯೂಮಿನಿಯಂ ಶಂಕುಗಳಿಗೆ ಕೊಡುವುದು. ಮೂರು ಶಂಕು, ಸುತ್ತಲೂ ಲೋಹದ್ದೇ ಮೈ. ಆ ಲೋಹದ ಹೆಸರು ಜರ್ಮನ್ ಸಿಲ್ವರ್. ತಾಮ್ರ, ನಿಕ್ಕಲ್, ಸತುವಿನ ಮಿಶ್ರಣವಾದ ಅದರಲ್ಲಿ ಬೆಳ್ಳಿ ಲವಲೇಶವೂ ಇಲ್ಲ! 1927ರ ಹೊತ್ತಿಗೆ ‘ನ್ಯಾಷನಲ್’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು.

ಪಾಲುದಾರರ ನಡುವೆ ಬಹಳ ದಿನ ಹೊಂದಲಿಲ್ಲ. ದಶಕ ಮುಗಿಯುವ ಮೊದಲೇ ಡೋಪ್ಯೇರ ಹೊರಬಿದ್ದು ಸೋದರರ ಜೊತೆ ಬೇರೆ ಕಂಪನಿ ಕಟ್ಟಿದ. ಡೋಪ್ಯೇರ ಬ್ರದರ್ಸ್ ಸೇರಿ ‘ಡೋಬ್ರೊ’ ಆಯಿತು. ಅವರ ತಾಯ್ನುಡಿಯಲ್ಲಿ ಆ ಪದಕ್ಕೆ ‘ಒಳ್ಳೆಯದು’ ಎಂಬ ಅರ್ಥವೂ ಇದೆ. ಹಳೆಯ ವಿನ್ಯಾಸದ ಹಕ್ಕು ಕೈಯಲ್ಲಿಲ್ಲದ್ದರಿಂದ ಹೊಸದನ್ನೇ ಹುಡುಕಬೇಕಾಯಿತು. ಮೂರರ ಬದಲು ಒಂದೇ ಶಂಕು, ಅದೂ ಬೋಗುಣಿಯಂತೆ ಮೇಲ್ಮುಖವಾಗಿ. ಅದರ ಅಂಚಿನ ಮೇಲೆ ಎಂಟು ಕಾಲೂರಿ ನಿಂತ ಎರಕದ ಲೋಹದ ಚೌಕಟ್ಟು. ಅದನ್ನು ಕುಶಲಕರ್ಮಿಗಳು ‘ಜೇಡ’ ಎಂದೇ ಕರೆಯುತ್ತಾರೆ. ತಂತಿಗಳ ಕೆಳಗಿನ ಕುದುರೆ ಕೂರುವುದು ಈ ಜೇಡದ ನೆತ್ತಿಯ ಮೇಲೆ. ಮೈ ಮಾತ್ರ ಮರದ್ದು, ಏಕೆಂದರೆ ಮರ ಅಗ್ಗ.

ಹಾಗೆ ಹೇಳಿದರೆ ಕೆಲವರಿಗೆ ನಿರಾಶೆಯಾದೀತು. ಆದರೆ ಅಂದಿನ ಡೋಬ್ರೊಗಳು ಬಹುಮಟ್ಟಿಗೆ ಪ್ಲೈವುಡ್ಡಿನವು. ಮೇಲ್ಹಲಗೆಯಲ್ಲಿ ಊಟದ ತಟ್ಟೆಯಗಲದ ತೂತು ಕೊರೆದ ಮೇಲೆ ಅದು ಸೀಳದೆ ನಿಂತರೆ ಸಾಕು, ಹಾಡಬೇಕಾಗಿಲ್ಲ ಎಂಬುದು ಆಗಿನ ಲೆಕ್ಕ. ಆ ಲೆಕ್ಕ ತೀರಾ ತಪ್ಪೂ ಅಲ್ಲ. ಆ ಪ್ಲೈವುಡ್ ವಾದ್ಯಗಳನ್ನು ಇಂದಿಗೂ ಹುಡುಕಿ ಕೊಳ್ಳುವವರಿದ್ದಾರೆ.

ಸ್ವಾರಸ್ಯವಿರುವುದು ಮುಂದೆ. ಗಟ್ಟಿ ದನಿ ಬೇಕೆಂದು ಬಂದಿದ್ದ ಅದೇ ಬೋಶಾಂ, ವಿದ್ಯುತ್ ಗಿಟಾರಿನ ಪ್ರಯೋಗಕ್ಕೆ ಕೈಹಾಕಿದ. ರೂಪದಿಂದಾಗಿ ‘ಬಾಣಲೆ’ ಎಂಬ ಅಡ್ಡಹೆಸರು ಪಡೆದ ಆ ವಾದ್ಯ 1932ರಲ್ಲಿ ಮಾರಾಟಕ್ಕೆ ಬಂತು. ರೆಸೊನೇಟರ್ ಹುಟ್ಟಿ ಐದೇ ವರ್ಷಕ್ಕೆ ಅದರ ಕಾರಣವೇ ಸತ್ತುಹೋಯಿತು! ಎರಡನೆಯ ಮಹಾಯುದ್ಧ ಲೋಹವನ್ನೆಲ್ಲ ತನ್ನೆಡೆಗೆ ಸೆಳೆದುಕೊಂಡಾಗ ತಯಾರಿಕೆಯೂ ನಿಂತಿತು.

ಆದರೂ ವಾದ್ಯ ಉಳಿಯಿತು. ಹಳ್ಳಿಗಾಡಿನ ಬ್ಲೂಗ್ರಾಸ್ ತಂಡಗಳು ಅದನ್ನು ಬಿಡಲಿಲ್ಲ. 1955ರಲ್ಲಿ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಅವರ ತಂಡ ಸೇರಿದ ಜಾಶ್ ಗ್ರೇವ್ಸ್, ಬ್ಯಾಂಜೋದ ಬೆರಳುಗಾರಿಕೆಯನ್ನು ಡೋಬ್ರೊಗೆ ತಂದು ಅದಕ್ಕೆ ಹೊಸ ಜೀವ ಕೊಟ್ಟ. ಜನ ಈಗ ಕೇಳುತ್ತಿದ್ದುದು ಗಟ್ಟಿತನವನ್ನಲ್ಲ, ಬೇರೆಲ್ಲೂ ಸಿಗದ ಆ ಕಂಚುಗೊರಳನ್ನು. ಭಾರತಕ್ಕೂ ಇದರ ಬಳಗ ಬಂದಿದೆ. ಹವಾಯಿಯ ವಾದಕ ಟಾವ್ ಮೋ 1940ರ ದಶಕದಲ್ಲಿ ಕಲ್ಕತ್ತದಲ್ಲಿ ನೆಲೆಸಿ ಜಾರುಗಿಟಾರಿನ ರುಚಿ ಹತ್ತಿಸಿದ. ಮುಂದೆ ವಿಶ್ವಮೋಹನ ಭಟ್ಟರ ಮೋಹನವೀಣೆ ಬಂತು. ಅದರೊಳಗೆ ಲೋಹದ ಶಂಕುವಿಲ್ಲ ಎಂಬುದನ್ನು ಮರೆಯಬಾರದು. ಹೋಲಿಕೆ ಇರುವುದು ನುಡಿಸುವ ಬಗೆಯಲ್ಲಿ. 1995ರ ಧ್ವನಿಮುದ್ರಿಕೆಯೊಂದರಲ್ಲಿ ಭಟ್ಟರೂ ಡೋಬ್ರೊ ವಾದಕ ಜೆರ್ರಿ ಡಗ್ಲಸ್ ಅವರೂ ಜೊತೆಯಾಗಿ ನುಡಿಸಿದ್ದಾರೆ.

ಈಗ ಕಾರ್ಖಾನೆ ಬಿಟ್ಟು, ಒಬ್ಬನೇ ಕುಳಿತು ಒಂದೊಂದಾಗಿ ಮಾಡುವವನ ಕೊಟ್ಟಿಗೆಗೆ ಬರೋಣ. ಅವನು ಮರ ಮುಟ್ಟುವ ಮೊದಲು ಕೇಳುವ ಪ್ರಶ್ನೆ: ತೊಡೆಯ ಮೇಲಿಟ್ಟು ನುಡಿಸುತ್ತೀರೋ, ಎದೆಗವಚಿ ನುಡಿಸುತ್ತೀರೋ? ತೊಡೆಯ ಮೇಲಾದರೆ ಕತ್ತು ಚೌಕನೆಯ ದಿಮ್ಮಿ; ತಂತಿಗಳು ಮೆಟ್ಟಿಲಿನಿಂದ ಸುಮಾರು ಒಂದು ಸೆಂಟಿಮೀಟರ್ ಎತ್ತರದಲ್ಲಿ ತೇಲುತ್ತವೆ, ಬೆರಳಿಂದ ಒತ್ತುವ ಮಾತೇ ಇಲ್ಲ. ಆರು ತಂತಿಗಳ ಒಟ್ಟು ಎಳೆತ 70 ಕಿಲೋಗೂ ಹೆಚ್ಚು. ಅಂದರೆ ಒಬ್ಬ ದಷ್ಟಪುಷ್ಟ ಮನುಷ್ಯ ಹಗಲೂ ರಾತ್ರಿ ಆ ಕತ್ತಿಗೆ ಜೋತುಬಿದ್ದಂತೆ.

ಮರ ಮೇಪಲ್ ಇರಬಹುದು, ಮಹಾಗನಿ ಇರಬಹುದು, ವಾಲ್‌ನಟ್ ಇರಬಹುದು. ಮೆಟ್ಟಿಲು ಕೂರಿಸುವ ಪಟ್ಟಿಗೆ ಮಾತ್ರ ಅನೇಕರ ಕಣ್ಣು ಪಶ್ಚಿಮ ಘಟ್ಟದ ಕಡೆ ಹೊರಳುತ್ತದೆ. ನಮ್ಮ ಬೀಟೆಮರ ಪ್ರಪಂಚದ ಗಿಟಾರ್ ತಯಾರಕರಿಗೆಲ್ಲ ಚಿರಪರಿಚಿತ. 2017ರಿಂದ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿಯ ಕಟ್ಟಳೆ ಬಂದಾಗ ಅವರು ಪರದಾಡಿದ್ದುಂಟು. ಸಿದ್ಧಗೊಂಡ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ಪಕ್ಕದ ಪಟ್ಟಿಗಳನ್ನು ತೋಪಡ ಹಿಡಿದು ಎರಡು ಮಿಲಿಮೀಟರಿನ ಆಸುಪಾಸಿಗೆ ತೆಳುಮಾಡಬೇಕು. ಆಮೇಲೆ ನೀರು ಚಿಮುಕಿಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಒತ್ತಿ ಬಾಗಿಸುವುದು. ಅವಸರಪಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಬಾಗಿದ್ದನ್ನು ಅಚ್ಚಿನಲ್ಲಿ ಬಿಗಿದು, ಎರಡು ತುದಿಗೆ ಮರದ ಗಟ್ಟಿ ತುಂಡು ಅಂಟಿಸಿ, ಹಿಂಬದಿಯ ಹಲಗೆ ಕೂರಿಸಿದರೆ ಪೆಟ್ಟಿಗೆಗೆ ಆಕಾರ ಬಂತು. ಇಷ್ಟೂ ಯಾವ ಗಿಟಾರಿಗಾದರೂ ಒಂದೇ.

ನಿಜವಾದ ಪರೀಕ್ಷೆ ಶಂಕುವಿನ ಪೀಠದಲ್ಲಿ. ಮೇಲ್ಹಲಗೆಯಲ್ಲಿ ಹತ್ತು ಅಂಗುಲ ಮೀರಿದ ವೃತ್ತ ಕೊರೆದು, ಅದರಂಚಿನಲ್ಲಿ ಒಂದು ಮೆಟ್ಟು ಬಿಡಬೇಕು. ಹತ್ತೂವರೆ ಅಂಗುಲದ ಶಂಕು ಕೂರುವುದು ಆ ಮೆಟ್ಟಿನ ಮೇಲೆ. ಅದಕ್ಕೆ ಮೊಳೆಯಿಲ್ಲ, ಅಂಟಿಲ್ಲ. ತಂತಿಗಳು ಮೇಲಿನಿಂದ ಒತ್ತಿ ಹಿಡಿದದ್ದಷ್ಟೇ ಅದರ ಕಟ್ಟು. ಆ ಮೆಟ್ಟು ಕೂದಲೆಳೆಯಷ್ಟು ಓರೆಯಾದರೂ ಶಂಕು ಒಂದು ಕಡೆ ಎದ್ದು ಜೀರುಂಡೆಯಂತೆ ಗುಂಯ್‌ಗುಡುತ್ತದೆ. ಅದಕ್ಕೇ ಮರದ ಆಯ್ಕೆಯಲ್ಲಿ ಅಷ್ಟು ಎಚ್ಚರ: ಹಸಿ ಉಳಿದ ಮರ, ಅಡ್ಡಾದಿಡ್ಡಿ ನಾರಿನ ಮರ ಮುಂದೊಂದು ಬೇಸಿಗೆಗೆ ಸೊಟ್ಟಗಾದರೆ ಪೀಠವೂ ಸೊಟ್ಟಗಾಗುತ್ತದೆ. ಮರದ ಮೊದಲ ಕೆಲಸ ಇಲ್ಲಿ ಹಾಡುವುದಲ್ಲ, ಅಲುಗದೆ ನಿಲ್ಲುವುದು.

ಎರಡನೆಯ ಕೆಲಸದ ಬಗ್ಗೆ ಕುಶಲಕರ್ಮಿಗಳಲ್ಲೇ ಒಮ್ಮತವಿಲ್ಲ. ಹಳೆಯ ಡೋಬ್ರೊಗಳಲ್ಲಿ ಶಂಕುವಿನ ಸುತ್ತ ಬಾವಿಯ ಕಟ್ಟೆಯಂತೆ ಒಂದು ಮರದ ಬಳೆ ಇರುತ್ತಿತ್ತು; ಗಾಳಿ ಓಡಾಡಲು ಅದರ ಮೈತುಂಬ ತೂತು. ಇತ್ತೀಚಿನ ದಶಕಗಳಲ್ಲಿ ಅನೇಕರು ಆ ಕಟ್ಟೆಯನ್ನೇ ಕಿತ್ತುಹಾಕಿ, ಮೇಲ್ಹಲಗೆ ಮತ್ತು ಹಿಂಬದಿಯ ನಡುವೆ ಕೆಲವು ಮರದ ಕಂಬಗಳನ್ನು ನಿಲ್ಲಿಸುತ್ತಾರೆ. ಒಳಗಿನ ಗಾಳಿಗೆ ಜಾಗ ಹೆಚ್ಚಿ, ಮಂದ್ರಸ್ಥಾಯಿ ತುಂಬಿ ಬರುತ್ತದೆ. ಹಳೆಯ ರುಚಿಯವರಿಗೆ ಅದು ಹಿಡಿಸದು. ಮೂಗಿನಿಂದ ಹೊರಟಂಥ ಆ ಹಳೆಯ ಚುರುಕು ದನಿಯೇ ಡೋಬ್ರೊ ಎನ್ನುತ್ತಾರೆ. ಶಂಕು ಅದೇ, ತಂತಿ ಅದೇ. ಮರದ ಒಳಜೋಡಣೆ ಬದಲಾದುದಕ್ಕೆ ಕಂಠವೇ ಬದಲಾಯಿತಲ್ಲ! ಯಾವ ಜಾತಿಯ ಮರ ಎಂಬ ಚರ್ಚೆಗಿಂತ ಈ ಜೋಡಣೆಯ ಚರ್ಚೆಯಲ್ಲೇ ಹುರುಳಿದೆ ಎನ್ನಬೇಕು.

ಶಂಕುವನ್ನು ಬಹುತೇಕ ಯಾರೂ ತಾವೇ ಮಾಡಿಕೊಳ್ಳುವುದಿಲ್ಲ. ತೆಳು ಅಲ್ಯೂಮಿನಿಯಂ ಬಿಲ್ಲೆಯನ್ನು ಲೇತಿನ ಮೇಲೆ ತಿರುಗಿಸುತ್ತ ಅಚ್ಚಿಗೆ ಒತ್ತಿ ರೂಪಿಸುವ ಕಸುಬಿನವರೇ ಬೇರೆ. ಅವರಿಂದ ಕೊಂಡುತಂದದ್ದನ್ನು ಅಂಚು ಮಾತ್ರ ಹಿಡಿದು, ಹಸುಗೂಸನ್ನು ಎತ್ತಿದಂತೆ ಎತ್ತಿ ಪೀಠದಲ್ಲಿ ಇಳಿಸಬೇಕು. ಬೆರಳು ಸ್ವಲ್ಪ ಬಲವಾಗಿ ತಾಗಿದರೂ ತಗ್ಗು ಬಿದ್ದೀತು.

ಅದರ ಮೇಲೆ ಜೇಡ, ಜೇಡದ ನೆತ್ತಿಯ ಸೀಳಿನಲ್ಲಿ ಮೇಪಲ್ ಕುದುರೆ. ನಡುವಿನ ಒಂದು ತಿರುಪು ಜೇಡವನ್ನೂ ಶಂಕುವಿನ ಮಧ್ಯಭಾಗವನ್ನೂ ಕೂಡಿಸುತ್ತದೆ. ಸಡಿಲವಾದರೆ ಗಿಲಗಿಲ ಸದ್ದು, ಅತಿ ಬಿಗಿಯಾದರೆ ದನಿ ಉಸಿರುಕಟ್ಟುತ್ತದೆ. ಎಷ್ಟು ತಿರುಗಿಸಬೇಕೆಂಬುದಕ್ಕೆ ಅಳತೆಗೋಲಿಲ್ಲ, ಕಿವಿಯೇ ಗತಿ. ಮುಚ್ಚಳ ಹಾಕಿ, ತಂತಿ ಬಿಗಿದು, ಶ್ರುತಿ ಮಾಡಿ ಒಂದೊಂದೇ ಸ್ವರ ಮೀಟಿ ನೋಡುತ್ತಾನೆ. ಯಾವುದೋ ಒಂದು ಸ್ವರಕ್ಕೆ ಮಾತ್ರ ಎಲ್ಲೋ ಸಣ್ಣ ಕರಕರ. ಮತ್ತೆ ತಂತಿ ಸಡಿಲಿಸಿ, ಮುಚ್ಚಳ ಬಿಚ್ಚಿ, ಶಂಕುವನ್ನು ಎತ್ತಿ ಪಕ್ಕಕ್ಕಿಟ್ಟು, ಮೆಟ್ಟಿನ ಸುತ್ತ ಬೆರಳಾಡಿಸುತ್ತಾನೆ. ಒಂದೆಡೆ ಮರದ ಪುಡಿಯ ಕಣವೊಂದು ಸಿಗುತ್ತದೆ. ಉಫ್ ಎಂದು ಊದಿ ಮತ್ತೆ ಜೋಡಿಸತೊಡಗುತ್ತಾನೆ.