ಒಂದೇ ಚಮಚದಲ್ಲಿ ನಾಲ್ಕು ಮೂಲಿಕೆ

ಜಾತ್ರೆಗಳು ಶುರುವಾದವೆಂದರೆ ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆ ಕುಸ್ತಿ ಕಣಗಳೂ ಹದಗೊಳ್ಳುತ್ತವೆ. ಸಂಗ್ರಾಣಿ ಕಲ್ಲು ಎತ್ತುವವರಿಗೆ, ಕಬಡ್ಡಿ ಹುಡುಗರಿಗೆ ಅದು ಪರೀಕ್ಷೆಯ ಕಾಲ. ಹಾಲು, ತುಪ್ಪ, ಬದಾಮಿ ಥಂಡಾಯಿಯ ಗರಡಿಗಳ ಮಗ್ಗುಲಲ್ಲೇ ಈಗ ಜಿಮ್ಮುಗಳಿವೆ, ಅವುಗಳ ಕಪಾಟಿನಲ್ಲಿ ಬಣ್ಣಬಣ್ಣದ ಡಬ್ಬಿಗಳು. ‘ಗಿಡಮೂಲಿಕಿ ಐತಿ ಬಿಡ್ರಿ, ಏನೂ ಆಗೂದಿಲ್ಲ’ ಎಂಬ ಒಂದು ಮಾತು ಸಾಕು, ಡಬ್ಬಿ ಖರ್ಚಾಗುತ್ತದೆ. ತರಬೇತುದಾರರೂ ವೈದ್ಯರೂ ಒಟ್ಟಿಗೆ ಕೂತಿರುವ ಈ ವಿಚಾರ ಸಂಕಿರಣ ತಕರಾರು ತೆಗೆಯಬೇಕಾದದ್ದು ಆ ಮಾತಿನ ಮೇಲೆ.

ಅಂಥ ಡಬ್ಬಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು: ಗ್ವಾರಾನಾ, ಗ್ರೀನ್ ಟೀ ಸಾರ, ಬಿಟರ್ ಆರೆಂಜ್, ಯೋಹಿಂಬೆ. ‘ಪ್ರೊಪ್ರೈಟರಿ ಬ್ಲೆಂಡ್’ ಎಂದು ಒಟ್ಟು ತೂಕ ಹಾಕಿದ್ದರೆ ಯಾವುದು ಎಷ್ಟು ಎಂಬುದು ಗೊತ್ತಾಗುವುದಿಲ್ಲ. ಮೊದಲೆರಡರಲ್ಲೂ ಇರುವುದು ಕೆಫೀನ್. ಗ್ವಾರಾನಾ ಬೀಜದಲ್ಲಂತೂ ಕಾಫಿ ಬೀಜಕ್ಕಿಂತ ಹೆಚ್ಚು. ಕೆಫೀನ್ ದಣಿವಿನ ಸೂಚನೆಯನ್ನು ಮರೆಮಾಚುತ್ತದೆ. ಬಿಟರ್ ಆರೆಂಜಿನ ಸಿನೆಫ್ರಿನ್ ರಕ್ತನಾಳವನ್ನು ಬಿಗಿಯಬಲ್ಲದು. ಯೋಹಿಂಬಿನ್ ಇನ್ನೂ ಜಾಣ: ನಾರ್‌ಅಡ್ರಿನಲಿನ್ ಅತಿಯಾಗದಂತೆ ದೇಹ ಹಾಕಿಕೊಂಡ ಬ್ರೇಕನ್ನೇ ಸಡಿಲಿಸುತ್ತದೆ. ಒಂದೊಂದಾಗಿ ಸಹಿಸಬಹುದಾದದ್ದು ಕೂಡಿ ಬಂದಾಗ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ಪುಡಿ ‘ಹತ್ತಿತು’ ಎಂದು ಹುಡುಗ ಖುಷಿಪಡುವುದೂ ಆಗಲೇ!

ಚರ್ಮದ ರಕ್ತನಾಳ ಬಿಗಿದರೆ ಮೈಯ ಶಾಖ ಹೊರಬೀಳದು. ತೂಕದ ವರ್ಗಕ್ಕೆ ಇಳಿಯಲು ನೀರು ಬಿಟ್ಟ ಪೈಲ್ವಾನನಿಗೆ, ಏಪ್ರಿಲ್ ಬಿಸಿಲಿನಲ್ಲಿ, ಇದು ಸಣ್ಣ ಸಂಗತಿಯಲ್ಲ.

ಅಮೆರಿಕದ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ ಫ್ಲಾರಿಡಾದ ಅಭ್ಯಾಸ ಶಿಬಿರದಲ್ಲಿ ಕುಸಿದು, ಮರುದಿನ, 2003ರ ಫೆಬ್ರುವರಿ 17ರಂದು ತೀರಿಕೊಂಡರು. ವಯಸ್ಸು 23. ಮೈಕಾವು 108 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ತೂಕ ಇಳಿಸಲು ಅವರು ನುಂಗುತ್ತಿದ್ದ ಗುಳಿಗೆಯಲ್ಲಿ ಎಫಿಡ್ರಾ ಎಂಬ ಮೂಲಿಕೆ, ಕೆಫೀನ್ ಎರಡೂ ಇದ್ದವು. ಊಟ ಕಡಿಮೆ ಮಾಡಿದ್ದರು, ರಕ್ತದೊತ್ತಡ ಮತ್ತು ಯಕೃತ್ತಿನ ತೊಂದರೆಯೂ ಇತ್ತು. ಗುಳಿಗೆಯೊಂದೇ ಕೊಂದಿತು ಎಂದರೆ ಅರ್ಧ ಸತ್ಯ. 2004ರಲ್ಲಿ ಅಮೆರಿಕ ಎಫಿಡ್ರಾ ಪೂರಕಗಳನ್ನು ನಿಷೇಧಿಸಿತು. ಮಾರುಕಟ್ಟೆ ಸುಮ್ಮನಿರಲಿಲ್ಲ, ‘ಎಫಿಡ್ರಾ ರಹಿತ’ ಎಂಬ ಚೀಟಿ ಅಂಟಿಸಿ ಬಿಟರ್ ಆರೆಂಜನ್ನು ತಂದು ಕೂರಿಸಿತು.

ನಮ್ಮ ಗಿಡಗಳೂ ಸಾಧುವೇನಲ್ಲ. ಆಯುರ್ವೇದದ ಬಲಾ ಗಿಡದಲ್ಲಿ ಎಫಿಡ್ರಾದಲ್ಲಿರುವ ಎಫಿಡ್ರಿನ್ನೇ ಅಲ್ಪಸ್ವಲ್ಪ ಇದೆ. ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ಸ್ನಾಯುಗಳನ್ನು ಸೆಟೆಸುವ ವಿಷ. 1904ರ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ಓಟದ ನಡುವೆಯೇ ಅದನ್ನು ಬ್ರಾಂದಿಯೊಂದಿಗೆ ಕುಡಿಸಿದ್ದರು. ಇಂದು ಅದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ನಿಷೇಧಿತ ಪಟ್ಟಿಯಲ್ಲಿದೆ. ವೈದ್ಯರು ಶೋಧಿಸಿ, ರೋಗ ನೋಡಿ ಕೊಡುವ ಔಷಧಿಯ ಹೆಸರು ಹೇಳಿ ಜಿಮ್ಮಿನ ಚಮಚಕ್ಕೆ ಮರ್ಯಾದೆ ತಂದುಕೊಡುವುದು ನ್ಯಾಯವಲ್ಲ.

ಕರ್ನಾಟಕ ಮರೆಯಬಾರದ ಪ್ರಕರಣವೊಂದಿದೆ. ಕುಂದಾಪುರ ಸೀಮೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದವರು. ಮರುವರ್ಷದ ಪರೀಕ್ಷೆಯಲ್ಲಿ ಸ್ಟೆರಾಯ್ಡ್ ಸಿಕ್ಕಿತು. ಉಕ್ರೇನಿನ ತರಬೇತುದಾರ ಯೂರಿ ಒಗೊರೊದ್ನಿಕ್ ಕೊಟ್ಟ, ಚೀನಾದಿಂದ ಬಂದ ಜಿನ್ಸೆಂಗ್ ಗುಳಿಗೆಯೇ ಕಾರಣ ಎಂಬುದು ಅವರ ವಾದವಾಗಿತ್ತು. ಮೊದಲು ಸಿಕ್ಕಿದ್ದು ಒಂದು ವರ್ಷದ ನಿಷೇಧ. 2012ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಮೈಯೊಳಗೆ ಸೇರಿದ್ದಕ್ಕೆಲ್ಲ ಕ್ರೀಡಾಪಟುವೇ ಹೊಣೆ ಎನ್ನುತ್ತದೆ ನಿಯಮ. ಯಾರು ಕೊಟ್ಟರು ಎಂಬುದು ಆಮೇಲಿನ ಮಾತು.

ಆದ್ದರಿಂದ ಈ ಸಭೆಯಲ್ಲಿರುವ ವೈದ್ಯರಲ್ಲಿ ಒಂದು ವಿನಂತಿ. ಎದೆ ಬಡಿತ ಹೆಚ್ಚಾಯಿತೆಂದು ಬಂದ ಹುಡುಗನಿಗೆ ಇಸಿಜಿ ಮಾಡುವಾಗಲೇ ‘ಯಾವ ಪುಡಿ ತಗೋತಿ?’ ಎಂದೂ ಕೇಳಿ, ಡಬ್ಬಿ ತರಿಸಿ ನೋಡಿ. ಅಡ್ಡಪರಿಣಾಮ ಕಂಡರೆ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024 ಸಹಾಯವಾಣಿಗೆ ತಿಳಿಸಿ.