ಬೇಸಾಯಕ್ಕೂ ಬೇಕು ಲೆಕ್ಕದ ಪಾಠ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಬಾದಾಮಿ ಬೆಳೆಯುವ ಸೀಮೆಯಲ್ಲಿ, ಮೊಡೆಸ್ಟೊ ಜೂನಿಯರ್ ಕಾಲೇಜಿದೆ. 1921ರಲ್ಲಿ ಶುರುವಾದ ಸಮುದಾಯ ಕಾಲೇಜು. ಬೇಸಾಯದ ಜೊತೆಗೆ ಅದರ ವ್ಯವಹಾರವನ್ನೂ ಅಲ್ಲಿ ಕಲಿಸುತ್ತಾರೆ. ಎರಡು ವರ್ಷದ ಓದು. ಬೇಕೆಂದವರು ಮುಂದೆ ವಿಶ್ವವಿದ್ಯಾಲಯ ಸೇರಬಹುದು.

ನನಗೆ ದೊಡ್ಡದೆನಿಸುವುದು ಆ ವ್ಯವಹಾರದ ಪಾಠವೇ. ಬಾದಾಮಿ ಸಸಿ ನೆಟ್ಟ ಮೊದಲ ಎರಡು-ಮೂರು ವರ್ಷ ಫಸಲಿನ ಮಾತಿಲ್ಲ. ನೀರು, ಗೊಬ್ಬರ, ಕೂಲಿ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಫಲ ಹಿಡಿದ ಮೇಲೂ, ಫೆಬ್ರುವರಿಯಲ್ಲಿ ಹೂ ಬಿಟ್ಟಾಗ ಪರಾಗಸ್ಪರ್ಶಕ್ಕೆಂದು ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರಿಸಬೇಕು. ಎಕರೆಗೆ ಖರ್ಚೆಷ್ಟು, ಯಾವ ದರಕ್ಕೆ ಮಾರಿದರೆ ಅಸಲು ಹುಟ್ಟೀತು ಎಂಬುದನ್ನು ಗುಂಡಿ ತೋಡುವ ಮೊದಲೇ ಬರೆದು ನೋಡಬೇಕು. ನಮ್ಮ ಅಡಿಕೆ, ತೆಂಗಿನ ಬೆಳೆಗಾರರ ಪಾಡೂ ಇದೇ ಅಲ್ಲವೇ?

ಮನೆಯ ಮಕ್ಕಳು ಬೇಸಾಯಕ್ಕೆ ನಿಲ್ಲುತ್ತೇವೆಂದರೆ, ಇನ್ನು ಓದು ಯಾಕೆ ಎನ್ನಬೇಡಿ. ಹೋದ ವರ್ಷದ ಖರ್ಚು-ಆದಾಯದ ಲೆಕ್ಕವನ್ನು ಅವರ ಮುಂದಿಟ್ಟು, ಜೊತೆಗೆ ಕೂತು ನೋಡಿ.