ಯಂತ್ರ ಹೇಳಿದ ತಿದ್ದುಪಡಿ

ಇಂಗ್ಲಿಷ್‌ನಲ್ಲಿ ಬರೆದು ಬದುಕುವ ಎಷ್ಟೋ ಪತ್ರಕರ್ತರು, ಸಂಪಾದಕರು ಈಗ ವ್ಯಾಕರಣ ತಿದ್ದುವ ತಂತ್ರಾಂಶ ಇಟ್ಟುಕೊಂಡಿರುತ್ತಾರೆ. ಇದೇನೂ ತೀರಾ ಹೊಸತಲ್ಲ; ಅಮೆರಿಕದ ಬೆಲ್ ಲ್ಯಾಬ್ಸ್ 1970ರ ದಶಕದ ಕೊನೆಗೇ ‘ರೈಟರ್ಸ್ ವರ್ಕ್‌ಬೆಂಚ್’ ಎಂಬ ಇಂಥ ತಂತ್ರಾಂಶ ರೂಪಿಸಲು ಹೊರಟಿತ್ತು. ಇಂಥದೇ ತಂತ್ರಾಂಶವಾದ ಗ್ರಾಮರ್ಲಿ ಹುಟ್ಟಿದ್ದು 2009ರಲ್ಲಿ.

ಪಳಗಿದ ಕೈಗಳು ಇಂಥ ತಂತ್ರಾಂಶವನ್ನು ಬಳಸುವ ರೀತಿಯೇ ಬೇರೆ. ಬರೆಯುವಾಗ ಅದರ ಬಾಯಿ ಮುಚ್ಚಿಸಿರುತ್ತಾರೆ. ವಾಕ್ಯ ಅರ್ಧದಲ್ಲಿರುವಾಗಲೇ ಕೆಂಪು ಗೆರೆ ಬಿದ್ದರೆ ಯೋಚನೆಯ ಎಳೆ ಕಡಿದುಹೋಗುತ್ತದಲ್ಲ! ಕರಡು ಮುಗಿದ ಮೇಲೆ ಒಮ್ಮೆ ಓಡಿಸುತ್ತಾರೆ. ಎರಡು ಸಲ ಬಿದ್ದ ಪದ, ಬಿಟ್ಟುಹೋದ ಅಲ್ಪವಿರಾಮ, ಕರ್ತೃವಿಗೆ ಹೊಂದದ ಕ್ರಿಯಾಪದ, ದಣಿದ ಕಣ್ಣಿನಿಂದ ತಪ್ಪಿಸಿಕೊಂಡ ಇಂಥವು ಆಗ ಸಿಕ್ಕಿಬೀಳುತ್ತವೆ.

ಆದರೆ ‘ಆರೋಪಿಯನ್ನು ಬಂಧಿಸಲಾಯಿತು’ ಎಂಬರ್ಥದ ಇಂಗ್ಲಿಷ್ ವಾಕ್ಯ ಕಂಡರೆ ಕರ್ಮಣಿ ಪ್ರಯೋಗ ಬೇಡ ಎಂದು ಅದು ತಕರಾರು ತೆಗೆಯುವುದುಂಟು. ಬಂಧಿಸಿದವರು ಪೊಲೀಸರು ಎಂದು ಓದುಗರಿಗೆ ಗೊತ್ತೇ ಇದೆ. ಸುದ್ದಿ ಇರುವುದು ಆರೋಪಿಯಲ್ಲಿ. ವರದಿಗಾರರು ಆ ಸಲಹೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಕಥೆಯ ಪಾತ್ರದ ಬೀದಿಮಾತನ್ನೂ ಅದು ತಿದ್ದಹೊರಡುತ್ತದೆ. ಒಪ್ಪಿದರೆ ಪಾತ್ರ ಸತ್ತಂತೆಯೇ. ಇನ್ನು ಇಸವಿ, ಮೊತ್ತ ತಪ್ಪಿದ್ದರೆ? ವ್ಯಾಕರಣ ಸರಿಯಿದ್ದರೆ ಸಾಮಾನ್ಯವಾಗಿ ಅದು ತುಟಿ ಬಿಚ್ಚುವುದಿಲ್ಲ.

ನೀವು ಬರೆಯುವುದು ಕೆಲಸದ ಅರ್ಜಿಯೇ ಇರಲಿ, ಲೇಖನವೇ ಇರಲಿ, ಪ್ರತಿ ಸಲಹೆಯನ್ನೂ ಓದಿ ನೋಡಿ. ಎಲ್ಲವನ್ನೂ ಒಟ್ಟಿಗೆ ಒಪ್ಪುವ ಗುಂಡಿಯನ್ನು ಮಾತ್ರ ಒತ್ತಬೇಡಿ.